ಮುಂದಿರುವ ಪಕ್ಷಕ್ಕೆ ಎಷ್ಟು ಸೀಟು? ಬ್ರಿಟನ್ನಿನ ಚುನಾವಣಾ ಸಮೀಕ್ಷೆಗಳನ್ನು ಓದುವುದು ಹೇಗೆ

ಪ್ರಶ್ನೆ: ನಾನು ದಾವಣಗೆರೆಯವಳು. ಕೆಲಸದ ವೀಸಾದ ಮೇಲೆ ಬಂದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿ ವಾರ ವಾರ ಒಂದೊಂದು ಚುನಾವಣಾ ಸಮೀಕ್ಷೆ ಬರುತ್ತದೆ. ನೈಜೆಲ್ ಫರಾಜ್ ಅವರ ಬಲಪಂಥದ ರಿಫಾರ್ಮ್ ಯುಕೆ ಪಕ್ಷ ಮುಂದಿದೆ ಅನ್ನುತ್ತಾರೆ. ಆದರೆ ಒಂದು ನಕ್ಷೆಯಲ್ಲಿ ಅದಕ್ಕೆ ಬಹುಮತ, ಇನ್ನೊಂದರಲ್ಲಿ ಅತಂತ್ರ ಸಂಸತ್ತು. ಶೇಕಡಾವಾರು ನೋಡಿದರೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ! ಆ ಪಕ್ಷ ಬಂದರೆ ಕಾಯಂ ವಾಸದ ಅನುಮತಿಯನ್ನೇ ತೆಗೆದುಹಾಕುತ್ತದೆ ಅಂತ ನಮ್ಮ ವಾರ್ಡಿನಲ್ಲಿ ದಿನಾ ಮಾತು. ಹಾಗಾಗಿ ನಮಗೆ ಇದು ಬರೀ ಸುದ್ದಿಯಲ್ಲ. ಯಾವುದನ್ನು ನಂಬಲಿ? ಇನ್ನೊಂದು ವಿಷಯ: ಭಾರತದ ಪಾಸ್‌ಪೋರ್ಟ್ ಇದ್ದವರೂ ಇಲ್ಲಿ ಓಟು ಹಾಕಬಹುದು ಅಂತ ಜೊತೆಗೆ ಕೆಲಸ ಮಾಡುವವರೊಬ್ಬರು ಹೇಳಿದರು. ನಿಜವೇ?

ಉತ್ತರ: ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ. ಶೇಕಡಾವಾರನ್ನು ನಂಬಿ, ಆದರೆ ಮೂರು ನಾಲ್ಕು ಅಂಕ ಆಚೀಚೆ ಆಗಬಹುದು ಅನ್ನುವ ಎಚ್ಚರ ಇರಲಿ. ಸೀಟಿನ ನಕ್ಷೆಯನ್ನು ಭವಿಷ್ಯ ಅಂತ ತೆಗೆದುಕೊಳ್ಳಬೇಡಿ. ಮತ್ತೆ, ಹೌದು, ನಿಮಗೆ ಓಟು ಇದೆ. ಅದರ ವಿವರ ಕೊನೆಯಲ್ಲಿ ಬರೆದಿದ್ದೇನೆ.

ಈಗ ದೊಡ್ಡ ಉತ್ತರ. ನಿಮ್ಮ ಗೊಂದಲ ಇರುವುದು ಸಮೀಕ್ಷೆಯಲ್ಲಿ ಅಲ್ಲ. ಓಟು ಸೀಟಾಗುವ ಜಾಗದಲ್ಲಿ. ಅದನ್ನು ಎರಡು ಚುನಾವಣೆ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. 2017ರ ಜೂನ್ 8ರಂದು ಜೆರೆಮಿ ಕಾರ್ಬಿನ್ ನಾಯಕರಾಗಿದ್ದಾಗ ಲೇಬರ್ ಪಕ್ಷಕ್ಕೆ ಸುಮಾರು 1 ಕೋಟಿ 28 ಲಕ್ಷ ಓಟು ಬಿತ್ತು. ಶೇ 40. ಸಿಕ್ಕ ಸೀಟು 262. ಪಕ್ಷ ವಿರೋಧ ಪಕ್ಷವಾಗಿಯೇ ಉಳಿಯಿತು. 2024ರ ಜುಲೈ 4ರಂದು ಕೀರ್ ಸ್ಟಾರ್ಮರ್ ಅವರ ಲೇಬರ್‌ಗೆ ಬಿದ್ದದ್ದು ಸುಮಾರು 97 ಲಕ್ಷ ಓಟು. ಶೇ 33.7. ಸೀಟು 411. ಮೂವತ್ತು ಲಕ್ಷಕ್ಕೂ ಹೆಚ್ಚು ಓಟು ಕಡಿಮೆಯಾಗಿ, 149 ಸೀಟು ಜಾಸ್ತಿ ಬಂತು!

ಇದು ಹೇಗೆ? ಉತ್ತರ ಲೇಬರ್ ಪಕ್ಷದೊಳಗೆ ಸಿಗುವುದಿಲ್ಲ. ಎದುರಾಳಿಗಳ ಕಡೆ ನೋಡಬೇಕು. 2017ರಲ್ಲಿ ಕನ್ಸರ್ವೇಟಿವ್ ಪಕ್ಷ ಶೇ 42ರಷ್ಟು ಓಟು ಒಟ್ಟಿಗೆ ಹಿಡಿದಿಟ್ಟುಕೊಂಡಿತ್ತು. 2024ರಲ್ಲಿ, ನಮ್ಮವರು ಕರ್ನಾಟಕದ ಅಳಿಯ ಅಂತ ಕರೆಯುತ್ತಿದ್ದ ರಿಷಿ ಸುನಕ್ ಅವರ ಕಾಲಕ್ಕೆ, ಅದು ಶೇ 23.7ಕ್ಕೆ ಕುಸಿಯಿತು. ಹೋದ ಓಟಿನಲ್ಲಿ ದೊಡ್ಡ ಪಾಲು ರಿಫಾರ್ಮ್ ಕಡೆ ಹೋಯಿತು. ಬಲಪಂಥದ ಓಟು ಎರಡು ಹೋಳಾಯಿತು, ನಡುವೆ ಲೇಬರ್ ಗೆದ್ದುಕೊಂಡು ಹೋಯಿತು. ಮಾಜಿ ಪ್ರಧಾನಿ ಲಿಜ್ ಟ್ರಸ್ ಅವರ ಸೌತ್ ವೆಸ್ಟ್ ನಾರ್‌ಫೋಕ್ ಕ್ಷೇತ್ರ ನೋಡಿ. 2019ರಲ್ಲಿ ಅವರ ಗೆಲುವಿನ ಅಂತರ 26,000ಕ್ಕೂ ಹೆಚ್ಚು. 2024ರಲ್ಲಿ 630 ಓಟಿನಿಂದ ಸೋತರು. ಗೆದ್ದ ಲೇಬರ್ ಅಭ್ಯರ್ಥಿಗೆ ಬಿದ್ದದ್ದು ಶೇ 26.7 ಮಾತ್ರ. ಆ ಕ್ಷೇತ್ರದ ನಾಲ್ವರಲ್ಲಿ ಮೂವರು ಬೇರೆಯವರಿಗೆ ಓಟು ಹಾಕಿದ್ದರು.

ಹಿಂದೆ ಲೆಕ್ಕ ಇಷ್ಟು ಕಷ್ಟ ಇರಲಿಲ್ಲ. 1951ರಲ್ಲಿ ಲೇಬರ್ ಮತ್ತು ಕನ್ಸರ್ವೇಟಿವ್ ಸೇರಿ ನೂರಕ್ಕೆ ಸುಮಾರು 97 ಓಟು ಪಡೆದಿದ್ದವು. ಒಬ್ಬರು ಕಳೆದುಕೊಂಡದ್ದು ಇನ್ನೊಬ್ಬರ ಪಾಲಿಗೆ. ಹಾಗಾಗಿ ದೇಶದಲ್ಲಿ ಎಷ್ಟು ಶೇಕಡಾ ವಾಲಿದೆಯೋ ಅಷ್ಟನ್ನೇ ಪ್ರತಿ ಕ್ಷೇತ್ರಕ್ಕೂ ಹಚ್ಚಿದರೆ ಸೀಟಿನ ಅಂದಾಜು ಸಿಗುತ್ತಿತ್ತು. ಇದನ್ನೇ ಏಕರೂಪದ ಸ್ವಿಂಗ್ ಅನ್ನುವುದು. ಆಗಲೂ ವಿಚಿತ್ರಗಳು ಆಗುತ್ತಿದ್ದವು. ಅದೇ 1951ರಲ್ಲಿ ಲೇಬರ್‌ಗೆ ಓಟು ಜಾಸ್ತಿ ಬಂದರೂ ಸೀಟು ಜಾಸ್ತಿ ಬಂದದ್ದು ಚರ್ಚಿಲ್ ಅವರ ಪಕ್ಷಕ್ಕೆ. 1974ರ ಫೆಬ್ರವರಿಯಲ್ಲಿ ಅದು ತಿರುಗುಮುರುಗಾಯಿತು: ಓಟು ಕನ್ಸರ್ವೇಟಿವ್‌ಗೆ ಹೆಚ್ಚು, ಸೀಟು ಲೇಬರ್‌ಗೆ ನಾಲ್ಕು ಹೆಚ್ಚು. ಆದರೂ ಎರಡೇ ಪಕ್ಷದ ಕಾಲದಲ್ಲಿ ತಪ್ಪು ಸಣ್ಣದಾಗಿರುತ್ತಿತ್ತು. 2024ರಲ್ಲಿ ಆ ಎರಡು ಪಕ್ಷ ಸೇರಿ ಪಡೆದದ್ದು ಶೇ 57 ಮಾತ್ರ. ಉಳಿದದ್ದು ರಿಫಾರ್ಮ್, ಲಿಬರಲ್ ಡೆಮಾಕ್ರಾಟ್, ಗ್ರೀನ್, ಸ್ಕಾಟ್ಲೆಂಡಿನ ಎಸ್‌ಎನ್‌ಪಿ, ವೇಲ್ಸ್‌ನ ಪ್ಲೈಡ್ ಕಮ್ರಿ, ಪಕ್ಷೇತರರು. ಇಷ್ಟು ಜನ ಕಣದಲ್ಲಿದ್ದಾಗ ಹಳೆಯ ಲೆಕ್ಕ ನಡೆಯುವುದಿಲ್ಲ.

ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ನೀವು ನೋಡಿದ ಎರಡು ನಕ್ಷೆಗಳ ಗುಟ್ಟು ಇಲ್ಲೇ ಇದೆ. ರಿಫಾರ್ಮ್ ಪಕ್ಷದ ಓಟು ದೇಶದ ತುಂಬಾ ಹೆಚ್ಚುಕಡಿಮೆ ಸಮನಾಗಿ ಹರಡಿದೆ. 2024ರಲ್ಲಿ ಅದಕ್ಕೆ 41 ಲಕ್ಷ ಓಟು ಬಿತ್ತು, ಶೇ 14.3. ಸೀಟು ಐದು. ಅದೇ ಚುನಾವಣೆಯಲ್ಲಿ ಲಿಬರಲ್ ಡೆಮಾಕ್ರಾಟರಿಗೆ 35 ಲಕ್ಷ ಓಟು, ಆದರೆ ಸೀಟು 72. ಅವರು ದಕ್ಷಿಣ ಇಂಗ್ಲೆಂಡಿನಲ್ಲಿ, ಕನ್ಸರ್ವೇಟಿವ್ ಎದುರು ತಮಗೆ ಗೆಲುವಿದೆ ಅನ್ನಿಸಿದ ಕ್ಷೇತ್ರಗಳಲ್ಲೇ ಕೆಲಸ ಮಾಡಿದ್ದರು. ಓಟು ಸಮನಾಗಿ ಹರಡಿದ ಪಕ್ಷಕ್ಕೆ ಶೇ 14 ಅಂದರೆ ಬಹುತೇಕ ಎಲ್ಲ ಕಡೆ ಸೋಲು. 1983ರಲ್ಲಿ ಲಿಬರಲ್–ಎಸ್‌ಡಿಪಿ ಅನ್ನುವ ಎರಡು ಸಣ್ಣ ಪಕ್ಷಗಳ ಕೂಟಕ್ಕೆ ಇನ್ನೂ ದೊಡ್ಡ ಪೆಟ್ಟು ಬಿದ್ದಿತ್ತು. ಅವರಿಗೆ ಶೇ 25.4 ಓಟು, 23 ಸೀಟು. ಲೇಬರ್‌ಗೆ ಶೇ 27.6 ಓಟು, 209 ಸೀಟು. ಓಟಿನಲ್ಲಿ ಎರಡೇ ಅಂಕ ವ್ಯತ್ಯಾಸ!

ಆದರೆ ಇದೇ ಸಮನಾದ ಹರಡುವಿಕೆ ಒಂದು ಹಂತ ದಾಟಿದ ಮೇಲೆ ಶಾಪ ಹೋಗಿ ವರವಾಗುತ್ತದೆ. ಒಂದು ಪಕ್ಷ ಶೇ 28–30ಕ್ಕೆ ಏರಿತು, ಉಳಿದವರೆಲ್ಲ ಶೇ 20ರ ಕೆಳಗೆ ಉಳಿದರು ಅಂತಿಟ್ಟುಕೊಳ್ಳಿ. ಆಗ ಅದು ಎಲ್ಲ ಕಡೆ ಎರಡನೆಯ ಸ್ಥಾನದಿಂದ ಮೊದಲ ಸ್ಥಾನಕ್ಕೆ ಬರುತ್ತದೆ. ಸೀಟುಗಳು ಒಂದೊಂದಾಗಿ ಬರುವುದಿಲ್ಲ, ಒಟ್ಟಿಗೆ ಬೀಳುತ್ತವೆ. 2024ರಲ್ಲಿ ರಿಫಾರ್ಮ್ 98 ಕ್ಷೇತ್ರಗಳಲ್ಲಿ ಎರಡನೆಯ ಸ್ಥಾನದಲ್ಲಿತ್ತು. ಅದರಲ್ಲಿ 89 ಕಡೆ ಗೆದ್ದದ್ದು ಲೇಬರ್. ಅಂದರೆ ಲೇಬರ್ ಕುಸಿದಷ್ಟೂ ಮೊದಲ ಲಾಭ ಯಾರಿಗೆ ಅಂತ ಅಂದೇ ಬರೆದಿಟ್ಟಂತೆ ಇತ್ತು.

ಯೂಗವ್ ಅನ್ನುವ ಸಮೀಕ್ಷಾ ಸಂಸ್ಥೆ 2025ರಲ್ಲಿ ಎರಡು ದೊಡ್ಡ ಕ್ಷೇತ್ರವಾರು ಅಂದಾಜು ಪ್ರಕಟಿಸಿತು. ಜೂನ್‌ನಲ್ಲಿ ರಿಫಾರ್ಮ್‌ಗೆ ಶೇ 26 ಓಟು, 271 ಸೀಟು. ಸೆಪ್ಟೆಂಬರ್‌ನಲ್ಲಿ ಶೇ 27 ಓಟು, 311 ಸೀಟು. ಸಂಸತ್ತಿನಲ್ಲಿ ಒಟ್ಟು 650 ಸೀಟು, ಬಹುಮತಕ್ಕೆ 326 ಬೇಕು. ರಿಫಾರ್ಮ್‌ನ ಓಟು ಏರಿದ್ದು ಒಂದೇ ಅಂಕ, ಜೊತೆಗೆ ಲೇಬರ್ ಒಂಚೂರು ಇಳಿಯಿತು. ಸೀಟು ನಲವತ್ತು ಏರಿತು. ನೆನಪಿಡಿ, ಒಂದು ಅಂಕ ಅನ್ನುವುದು ಯಾವುದೇ ಸಮೀಕ್ಷೆಯ ಸಾಮಾನ್ಯ ತಪ್ಪಿನ ಮಿತಿಗಿಂತ ಚಿಕ್ಕದು. ಅಂದಮೇಲೆ ಒಂದು ಸಂಸ್ಥೆ ಬಹುಮತ ಅಂದು, ಇನ್ನೊಂದು ಅತಂತ್ರ ಅಂದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ಅಲ್ಲ. ಇಬ್ಬರೂ ಒಂದೇ ಜನಾಭಿಪ್ರಾಯವನ್ನು ನೋಡುತ್ತಿದ್ದಾರೆ. ಆ ಜನಾಭಿಪ್ರಾಯ ಸೀಟುಗಳು ಒಟ್ಟಿಗೆ ಉರುಳುವ ಅಂಚಿನಲ್ಲಿ ಕೂತಿದೆ, ಅಷ್ಟೇ.

ಈ ಅಂಚಿನಲ್ಲಿ ಫಲಿತಾಂಶವನ್ನು ಯಾವುದು ತೀರ್ಮಾನಿಸುತ್ತದೆ? ನನ್ನ ಪ್ರಕಾರ ರಿಫಾರ್ಮ್ ಇನ್ನೆರಡು ಅಂಕ ಏರುತ್ತದೋ ಇಳಿಯುತ್ತದೋ ಅನ್ನುವುದಲ್ಲ. ಅದರ ಎದುರಾಳಿಗಳ ಓಟು ಪ್ರತಿ ಕ್ಷೇತ್ರದಲ್ಲೂ ಒಬ್ಬರ ಹಿಂದೆ ಸೇರುತ್ತದೋ ಇಲ್ಲವೋ ಅನ್ನುವುದು. 2025ರ ಮೇ 1ರಂದು ರನ್‌ಕಾರ್ನ್ ಆ್ಯಂಡ್ ಹೆಲ್ಸ್‌ಬಿ ಉಪಚುನಾವಣೆಯಲ್ಲಿ ರಿಫಾರ್ಮ್ ಗೆದ್ದದ್ದು ಆರೇ ಆರು ಓಟಿನಿಂದ. ಅಲ್ಲಿ ಗ್ರೀನ್‌ಗೂ ಲಿಬರಲ್ ಡೆಮಾಕ್ರಾಟರಿಗೂ ಹೋದ ಓಟುಗಳಲ್ಲಿ ಒಂದು ಹಿಡಿ ಲೇಬರ್‌ಗೆ ಬಂದಿದ್ದರೂ ಕಥೆ ಬೇರೆ. ಅದೇ ವರ್ಷ ಅಕ್ಟೋಬರ್ 23ರಂದು ವೇಲ್ಸ್‌ನ ಕೇರ್‌ಫಿಲಿಯಲ್ಲಿ ವೇಲ್ಸ್ ಶಾಸನಸಭೆಗೆ ಉಪಚುನಾವಣೆ ನಡೆಯಿತು. ನೂರು ವರ್ಷದಿಂದ ಲೇಬರ್‌ನ ಕೋಟೆ ಅದು. ಮೊದಲು ನಡೆದ ಕ್ಷೇತ್ರ ಸಮೀಕ್ಷೆಯಲ್ಲಿ ರಿಫಾರ್ಮ್ ಸ್ವಲ್ಪ ಮುಂದಿತ್ತು. ಮತದಾನದ ದಿನ ಲೇಬರ್‌ನ ಹಳೆಯ ಮತದಾರರು ಗುಂಪಾಗಿ ಪ್ಲೈಡ್ ಕಮ್ರಿ ಕಡೆ ಹೋದರು. ರಿಫಾರ್ಮ್‌ಗೆ ಶೇ 36 ಬಂತು, ಕಡಿಮೆ ಏನಲ್ಲ. ಆದರೆ ಪ್ಲೈಡ್ ಶೇ 47 ಪಡೆದು ಗೆದ್ದಿತು. ಲೇಬರ್ ಶೇ 11ಕ್ಕೆ ಇಳಿಯಿತು. ಯಾರನ್ನು ತಡೆಯಬೇಕು, ಅವರನ್ನು ಇಲ್ಲಿ ತಡೆಯಬಲ್ಲವರು ಯಾರು ಅಂತ ಜನ ಲೆಕ್ಕ ಹಾಕಿ ಓಟು ಹಾಕಿದ್ದರು.

ನಮಗಿದು ಹೊಸದಲ್ಲ. ನಮ್ಮ ವಿಧಾನಸಭೆಗೂ ಇದೇ ಪದ್ಧತಿ ತಾನೇ. ಹೆಚ್ಚು ಓಟು ಪಡೆದವರು ಗೆದ್ದರು, ಅರ್ಧ ದಾಟಬೇಕಿಲ್ಲ. ಕರ್ನಾಟಕದಲ್ಲಿ ಬಿಜೆಪಿಗೆ 2018ರಲ್ಲೂ ಶೇ 36, 2023ರಲ್ಲೂ ಶೇ 36. ಸೀಟು ಮಾತ್ರ 104ರಿಂದ 66ಕ್ಕೆ ಇಳಿಯಿತು. ಆ ಪಕ್ಷದ ಓಟು ಕದಲಿರಲಿಲ್ಲ. ಜೆಡಿಎಸ್ ಕಳೆದುಕೊಂಡ ಸುಮಾರು ಐದು ಅಂಕ, ಕಾಂಗ್ರೆಸ್ ಗಳಿಸಿದ ಸುಮಾರು ಐದು ಅಂಕ, ಈ ಎರಡು ಸೇರಿ ನಕ್ಷೆ ಬದಲಿಸಿದವು. ಬ್ರಿಟನ್ನಿನ ಸಮೀಕ್ಷೆ ನೋಡುವಾಗ ಈ ಅನುಭವ ನಿಮ್ಮ ಜೊತೆಗಿರಲಿ. ಮೊದಲ ಸಾಲಿನ ಸಂಖ್ಯೆಯಷ್ಟೇ ಮುಖ್ಯ ಅದರ ಕೆಳಗಿನ ನಾಲ್ಕು ಸಾಲು.

ಇದಕ್ಕೆ ಇನ್ನೊಂದು ಮುಖವೂ ಇದೆ. ಬಲಪಂಥದ ಓಟೂ ಒಂದಾಗಬಹುದು. 2019ರ ಬೇಸಿಗೆಯಲ್ಲಿ ನೈಜೆಲ್ ಫರಾಜ್ ಅವರ ಆಗಿನ ಬ್ರೆಕ್ಸಿಟ್ ಪಾರ್ಟಿ (ಇಂದಿನ ರಿಫಾರ್ಮ್‌ನ ಹಳೆಯ ಹೆಸರು) ಕೆಲವು ಸಮೀಕ್ಷೆಗಳಲ್ಲಿ ಎಲ್ಲರಿಗಿಂತ ಮುಂದಿತ್ತು. ನವೆಂಬರ್‌ನಲ್ಲಿ ಫರಾಜ್ ಕನ್ಸರ್ವೇಟಿವ್‌ಗಳು ಗೆದ್ದಿದ್ದ 317 ಕ್ಷೇತ್ರಗಳಲ್ಲಿ ಅಭ್ಯರ್ಥಿ ಹಾಕುವುದಿಲ್ಲ ಅಂದರು. ಡಿಸೆಂಬರ್ 12ರಂದು ಅವರ ಪಕ್ಷಕ್ಕೆ ಶೇ 2 ಓಟು. ಬೋರಿಸ್ ಜಾನ್ಸನ್ ಅವರ ಕನ್ಸರ್ವೇಟಿವ್ ಪಕ್ಷಕ್ಕೆ 365 ಸೀಟು. ಆರು ತಿಂಗಳ ಹಿಂದಿನ ಸಮೀಕ್ಷೆ ಅಂದು ತಪ್ಪಾಗಿರಲಿಲ್ಲ. ಅದು ಅಳೆದಿದ್ದ ಕಣವೇ ಬದಲಾಗಿತ್ತು.

ಈಗ ಸಮೀಕ್ಷೆಯ ತಪ್ಪಿಗೆ ಬರುತ್ತೇನೆ. ಜನ ಇದನ್ನು ಹೆಚ್ಚಾಗಿ ತಪ್ಪು ತಿಳಿದುಕೊಳ್ಳುತ್ತಾರೆ. ಸಾವಿರ ಜನರನ್ನು ಕೇಳಿದರೆ ಪ್ರತಿ ಪಕ್ಷದ ಸಂಖ್ಯೆಗೂ ಮೂರು ಅಂಕ ಆಚೀಚೆ ಅನ್ನುತ್ತೇವೆ. ಇದು ಬರೀ ಅದೃಷ್ಟದ ತಪ್ಪು. ಹತ್ತು ಸಮೀಕ್ಷೆ ಸೇರಿಸಿ ಸರಾಸರಿ ತೆಗೆದರೆ ಇದು ಹೆಚ್ಚಾಗಿ ಅಳಿಸಿಹೋಗುತ್ತದೆ. ಅಳಿಸಿಹೋಗದ ತಪ್ಪು ಬೇರೆ ಇದೆ. ಎಲ್ಲ ಸಂಸ್ಥೆಗಳೂ ಒಂದೇ ದಿಕ್ಕಿಗೆ ತಪ್ಪುವುದು. ಅವರೆಲ್ಲ ಈಗ ಹೆಚ್ಚಾಗಿ ಆನ್‌ಲೈನ್‌ನಲ್ಲಿ ಹೆಸರು ಕೊಟ್ಟ ಜನರನ್ನೇ ಕೇಳುತ್ತಾರೆ. ಬಂದ ಉತ್ತರವನ್ನು ವಯಸ್ಸು, ಓದು, ಪ್ರದೇಶ, ಕಳೆದ ಸಲ ಯಾರಿಗೆ ಓಟು ಹಾಕಿದಿರಿ ಅನ್ನುವುದರ ಮೇಲೆ ತೂಗಿ ಸರಿಪಡಿಸುತ್ತಾರೆ. ಸಮೀಕ್ಷೆಗೆ ಉತ್ತರ ಕೊಡಲು ಸಿದ್ಧರಿರುವವರೇ ಒಂದು ಬಗೆಯ ಜನರಾಗಿದ್ದರೆ, ಆ ಓರೆ ಎಲ್ಲರ ಲೆಕ್ಕದಲ್ಲೂ ಇರುತ್ತದೆ. ಸರಾಸರಿ ತೆಗೆದರೂ ಹೋಗುವುದಿಲ್ಲ.

1992ರಲ್ಲಿ ಕೊನೆಯ ಸಮೀಕ್ಷೆಗಳು ಲೇಬರ್ ಒಂಚೂರು ಮುಂದೆ ಅಂದಿದ್ದವು. ಗೆದ್ದದ್ದು ಕನ್ಸರ್ವೇಟಿವ್ ಪಕ್ಷದ ಜಾನ್ ಮೇಜರ್, ಏಳೂವರೆ ಅಂಕದಿಂದ. 2015ರಲ್ಲಿ ಸಮಸಮ ಅಂದಿದ್ದವು. ಅದೇ ಪಕ್ಷದ ಡೇವಿಡ್ ಕ್ಯಾಮರಾನ್ ಆರೂವರೆ ಅಂಕದಿಂದ ಗೆದ್ದು ಬಹುಮತ ತಂದರು. ಆಮೇಲೆ ಪ್ರೊಫೆಸರ್ ಪ್ಯಾಟ್ರಿಕ್ ಸ್ಟರ್ಗಿಸ್ ಅವರ ಸಮಿತಿ ತನಿಖೆ ಮಾಡಿ, ಕೇಳಿದ ಜನರ ಗುಂಪೇ ದೇಶದ ಹಾಗೆ ಇರಲಿಲ್ಲ ಅಂತ 2016ರಲ್ಲಿ ವರದಿ ಕೊಟ್ಟಿತು. ಅದರಿಂದ ಹೆದರಿದ ಕೆಲವು ಸಂಸ್ಥೆಗಳು 2017ರಲ್ಲಿ ಯುವಕರು ಓಟಿಗೆ ಬರುವುದಿಲ್ಲ ಅಂತ ಲೇಬರ್‌ನ ಸಂಖ್ಯೆಯನ್ನು ಮುಂಚೆಯೇ ತಗ್ಗಿಸಿದವು. ಐಸಿಎಂ ಸಂಸ್ಥೆ ತನ್ನ ಕೊನೆಯ ಸಮೀಕ್ಷೆಯಲ್ಲಿ ಆಗಿನ ಕನ್ಸರ್ವೇಟಿವ್ ಪ್ರಧಾನಿ ಥೆರೆಸಾ ಮೇ ಅವರಿಗೆ 12 ಅಂಕದ ಮುನ್ನಡೆ ಕೊಟ್ಟಿತು. ಸರ್ವೇಶನ್ ಅನ್ನುವ ಇನ್ನೊಂದು ಸಂಸ್ಥೆ ಒಂದೇ ಅಂಕ ಅಂದಿತು. ನಿಜವಾಗಿ ಬಂದದ್ದು ಎರಡೂವರೆಯ ಹತ್ತಿರ, ಮತ್ತು ಅತಂತ್ರ ಸಂಸತ್ತು. ಆ ಚುನಾವಣೆಯಲ್ಲಿ ನಮ್ಮ ಕಲಬುರ್ಗಿ ಮೂಲದ ಡಾ. ನೀರಜ್ ಪಾಟೀಲ್ ಲಂಡನ್ನಿನ ಪಟ್ನಿ ಕ್ಷೇತ್ರದಲ್ಲಿ ಲೇಬರ್ ಅಭ್ಯರ್ಥಿ. ಮೇ ಅವರ ಅಲೆ ಅಂತ ಎಲ್ಲರೂ ಬರೆಯುತ್ತಿದ್ದ ಹೊತ್ತಿನಲ್ಲಿ ಅವರು ಒಬ್ಬ ಸಚಿವೆಯ ಹತ್ತು ಸಾವಿರದ ಅಂತರವನ್ನು ಸುಮಾರು 1,500ಕ್ಕೆ ಇಳಿಸಿದರು. ಮುಂದಿನ ಚುನಾವಣೆಯಲ್ಲಿ ಲೇಬರ್ ಆ ಸೀಟನ್ನು ಗೆದ್ದೇಬಿಟ್ಟಿತು.

ಇನ್ನು 2024. ಲೇಬರ್ ಗೆಲ್ಲುತ್ತದೆ ಅಂದರು, ಗೆದ್ದಿತು. ಸಮೀಕ್ಷೆಗಳು ಪಾಸು ಅಂತ ಎಲ್ಲರೂ ಸುಮ್ಮನಾದರು. ನನಗೆ ಇದು ಸರಿ ಕಾಣುವುದಿಲ್ಲ. ಕೊನೆಯ ಸಮೀಕ್ಷೆಗಳ ಸರಾಸರಿಯಲ್ಲಿ ಲೇಬರ್ ಶೇ 39ರ ಆಸುಪಾಸಿನಲ್ಲಿತ್ತು, ಮುನ್ನಡೆ 18 ಅಂಕದಷ್ಟು. ಈ ಸಮೀಕ್ಷೆಗಳು ಉತ್ತರ ಐರ್ಲೆಂಡನ್ನು ಸೇರಿಸುವುದಿಲ್ಲ. ಅದನ್ನು ಬಿಟ್ಟು ಲೆಕ್ಕ ಹಾಕಿದರೂ ಲೇಬರ್‌ಗೆ ಬಂದದ್ದು ಶೇ 34.7, ಮುನ್ನಡೆ 10 ಅಂಕ. ಎಂಟು ಅಂಕದ ತಪ್ಪು! 1992ರ ಹಗರಣದಷ್ಟೇ ದೊಡ್ಡದು. ಗೆದ್ದವರ ಹೆಸರು ಸರಿ ಬಂದದ್ದರಿಂದ ಯಾರೂ ಗಮನಿಸಲಿಲ್ಲ. ಈ ಸಲ ಪೈಪೋಟಿ ಹತ್ತಿರವಾದರೆ ಅಷ್ಟೇ ತಪ್ಪು ಸರ್ಕಾರವನ್ನೇ ಅದಲು ಬದಲು ಮಾಡಿ ತೋರಿಸಬಹುದು.

1992, 2015, 2024ರಲ್ಲಿ ಲೇಬರ್‌ಗೆ ಜಾಸ್ತಿ ತೋರಿಸಿದರು, ಹಾಗಾಗಿ ಯಾವಾಗಲೂ ಲೇಬರ್‌ನಿಂದ ಮೂರು ಕಳೆದು ನೋಡೋಣ ಅಂತ ಅನ್ನಿಸಬಹುದು. ಹಾಗೆ ಮಾಡಬೇಡಿ. 2017ರಲ್ಲಿ ಸಂಸ್ಥೆಗಳು ಮುಗ್ಗರಿಸಿದ್ದು ಸರಿಯಾಗಿ ಇದನ್ನೇ ಮಾಡಲು ಹೋಗಿ. ಹಿಂದಿನ ತಪ್ಪಿನ ದಿಕ್ಕಿನಿಂದ ಮುಂದಿನ ತಪ್ಪಿನ ದಿಕ್ಕು ತಿಳಿಯುವುದಿಲ್ಲ.

ಪತ್ರಿಕೆಯಲ್ಲಿ ಸಮೀಕ್ಷೆ ನೋಡಿದಾಗ ಕೆಲವು ಸಣ್ಣ ಅಭ್ಯಾಸ ಇಟ್ಟುಕೊಳ್ಳಿ. ಜನರನ್ನು ಕೇಳಿದ ದಿನಾಂಕ ಯಾವುದು ನೋಡಿ, ಪ್ರಕಟವಾದ ದಿನ ಅಲ್ಲ. ಸಂಸ್ಥೆ ಬ್ರಿಟಿಷ್ ಪೋಲಿಂಗ್ ಕೌನ್ಸಿಲ್‌ನ ಸದಸ್ಯನೇ ನೋಡಿ. ಸದಸ್ಯರಾದರೆ ಕೇಳಿದ ಪ್ರಶ್ನೆಯನ್ನೂ ಪೂರ್ತಿ ಪಟ್ಟಿಯನ್ನೂ ಹೊರಗೆ ಹಾಕಲೇಬೇಕು. ಒಂದೇ ಸಂಸ್ಥೆಯ ಈ ತಿಂಗಳ ಸಂಖ್ಯೆಯನ್ನು ಅದರದೇ ಕಳೆದ ತಿಂಗಳ ಸಂಖ್ಯೆಗೆ ಹೋಲಿಸಿ. ಬೇರೆ ಬೇರೆ ಸಂಸ್ಥೆಗಳ ತೂಕದ ಪದ್ಧತಿ ಬೇರೆ, ಅವನ್ನು ಬೆರೆಸಿದರೆ ಇಲ್ಲದ ಏರಿಳಿತ ಕಾಣುತ್ತದೆ. ಮತ್ತೆ 'ಭಾರತೀಯ ಮೂಲದವರು ಈ ಪಕ್ಷದ ಕಡೆ ವಾಲಿದ್ದಾರೆ' ಅನ್ನುವ ಸುದ್ದಿ ವಾಟ್ಸಾಪ್‌ನಲ್ಲಿ ಬಂದರೆ ಎಷ್ಟು ಜನರನ್ನು ಕೇಳಿದ್ದಾರೆ ಅಂತ ಮೊದಲು ಹುಡುಕಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಭಾರತೀಯ ಮೂಲದವರು ಶೇ 3ರಷ್ಟು. ಸಾವಿರ ಜನರ ಸಮೀಕ್ಷೆಯಲ್ಲಿ ಮೂವತ್ತು ಜನ ಸಿಕ್ಕಾರು. ಮೂವತ್ತು ಜನರಿಂದ ಒಂದು ಸಮುದಾಯದ ಮನಸ್ಸು ತಿಳಿಯುವುದಿಲ್ಲ.

ನಿಮ್ಮ ಊರನ್ನೇ ತೆಗೆದುಕೊಳ್ಳೋಣ. ಸೀಟಿನ ನಕ್ಷೆಗಳಿಗೆ ಲೆಸ್ಟರ್‌ಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಈ ನಕ್ಷೆಗಳನ್ನು ಎಂಆರ್‌ಪಿ ಅನ್ನುವ ವಿಧಾನದಿಂದ ಮಾಡುತ್ತಾರೆ. ಹತ್ತಾರು ಸಾವಿರ ಜನರನ್ನು ಕೇಳುತ್ತಾರೆ. ಇಂಥ ವಯಸ್ಸು, ಇಂಥ ಓದು, ಸ್ವಂತ ಮನೆಯೋ ಬಾಡಿಗೆಯೋ, ಹಿಂದೆ ಯಾರಿಗೆ ಓಟು ಹಾಕಿದ್ದರು, ಇಂಥವರು ಈ ಬಗೆಯ ಊರಿನಲ್ಲಿ ಹೇಗೆ ಓಟು ಹಾಕುತ್ತಾರೆ ಅಂತ ಲೆಕ್ಕದ ಮಾದರಿ ಕಟ್ಟುತ್ತಾರೆ. ಆಮೇಲೆ ಜನಗಣತಿ ನೋಡಿ ಪ್ರತಿ ಕ್ಷೇತ್ರದಲ್ಲಿ ಅಂಥವರು ಎಷ್ಟಿದ್ದಾರೆ ಅಂತ ಎಣಿಸುತ್ತಾರೆ. ನಿಮ್ಮ ಕ್ಷೇತ್ರದಲ್ಲಿ ಕೆಲವೇ ಜನರನ್ನು ಕೇಳಿದ್ದರೂ ನಿಮ್ಮ ಕ್ಷೇತ್ರಕ್ಕೆ ಅಂದಾಜು ಬರುವುದು ಹೀಗೆ. ವಿಧಾನ ಒಳ್ಳೆಯದು. 2017ರಲ್ಲಿ ಬೇರೆ ಹೆಚ್ಚಿನವರು ಮೇ ಅವರಿಗೆ ಬಹುಮತ ಅನ್ನುತ್ತಿದ್ದಾಗ ಯೂಗವ್ ಇದೇ ವಿಧಾನದಿಂದ ಅತಂತ್ರ ಸಂಸತ್ತು ಅಂತ ಸರಿಯಾಗಿ ಹೇಳಿತ್ತು. ಆದರೆ 2024ರ ಕೊನೆಯ ವಾರದಲ್ಲಿ ಯೂಗವ್ ಲೇಬರ್‌ಗೆ 431 ಅಂದರೆ ಸರ್ವೇಶನ್ 484 ಅಂದಿತು. ವಿಧಾನದ ಹೆಸರು ಒಂದೇ, ನಡುವೆ 53 ಸೀಟಿನ ಅಂತರ.

ಲೆಸ್ಟರ್‌ನಲ್ಲಿ ಏನಾಯಿತು? 2021ರ ಜನಗಣತಿಯಂತೆ ನಗರದ ಶೇ 34ರಷ್ಟು ಜನ ಭಾರತೀಯ ಮೂಲದವರು. ದೇಶವೆಲ್ಲ ಲೇಬರ್ ಕಡೆ ಹೋದ ಆ ದಿನ ಲೆಸ್ಟರ್ ಈಸ್ಟ್ ಕ್ಷೇತ್ರವನ್ನು ಲೇಬರ್ ಕಳೆದುಕೊಂಡಿತು. ಕನ್ಸರ್ವೇಟಿವ್ ಪಕ್ಷದ ಶಿವಾನಿ ರಾಜಾ ಗೆದ್ದರು. ಆ ಪಕ್ಷ ಇಡೀ ದೇಶದಲ್ಲಿ ಹೊಸದಾಗಿ ಗೆದ್ದ ಸೀಟು ಅದೊಂದೇ. ಅವರಿಗೆ ಬಿದ್ದದ್ದು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಓಟು. ಎದುರಿಗೆ ಅಧಿಕೃತ ಲೇಬರ್ ಅಭ್ಯರ್ಥಿ, ಜೊತೆಗೆ ಹಿಂದೆ ಅಲ್ಲೇ ಲೇಬರ್ ಸಂಸದರಾಗಿದ್ದ ಕ್ಲಾಡಿಯಾ ವೆಬ್ ಮತ್ತು ಕೀತ್ ವಾಜ್ ಇಬ್ಬರೂ ಬೇರೆ ಬೇರೆಯಾಗಿ ನಿಂತಿದ್ದರು. ಪಕ್ಕದ ಲೆಸ್ಟರ್ ಸೌತ್‌ನಲ್ಲಿ ಲೇಬರ್‌ನ ದೊಡ್ಡ ನಾಯಕ ಜೊನಾಥನ್ ಆಶ್‌ವರ್ತ್ 979 ಓಟಿನಿಂದ ಸೋತರು. ಗೆದ್ದವರು ಪಕ್ಷೇತರ ಶಾಕತ್ ಆಡಂ, ಗಾಜಾ ವಿಷಯ ಅಲ್ಲಿ ದೊಡ್ಡದಾಗಿತ್ತು. ಲೆಸ್ಟರ್ ವೆಸ್ಟ್ ಮಾತ್ರ ಲೇಬರ್‌ನಲ್ಲೇ ಉಳಿಯಿತು. ಒಂದೇ ನಗರ, ಮೂರು ಕ್ಷೇತ್ರ, ಮೂರು ಬಗೆಯ ಫಲಿತಾಂಶ. ವಯಸ್ಸು, ಓದು ನೋಡುವ ಮಾದರಿಗೆ ಮಾಜಿ ಸಂಸದರ ಮುನಿಸು ಕಾಣುವುದಿಲ್ಲ. ಒಂದು ಮಸೀದಿಯ ಅಥವಾ ಮಂದಿರದ ಸುತ್ತ ನಡೆಯುವ ಮಾತುಕತೆಯೂ ಕಾಣುವುದಿಲ್ಲ. ನಕ್ಷೆಯಲ್ಲಿ ನಿಮ್ಮ ಕ್ಷೇತ್ರದ ಬಣ್ಣ ನೋಡಿ ಸಂತೋಷವನ್ನೂ ಪಡಬೇಡಿ, ದುಃಖವನ್ನೂ ಪಡಬೇಡಿ.

ಕಾಲದ ವಿಷಯವನ್ನೂ ಹೇಳಲೇಬೇಕು. ಮುಂದಿನ ಚುನಾವಣೆ 2029ರ ಆಗಸ್ಟ್ 15ರ ಒಳಗೆ ಆಗಬೇಕು. ಪ್ರಧಾನಿ ಬೇಕೆಂದರೆ ಮೊದಲೇ ಮಾಡಬಹುದು. ಅವಧಿಯ ನಡುವಿನ ಸಮೀಕ್ಷೆ ಸರ್ಕಾರದ ಮೇಲಿನ ಸಿಟ್ಟನ್ನು ಚೆನ್ನಾಗಿ ಅಳೆಯುತ್ತದೆ, ಮುಂದೆ ಬರುವವರು ಯಾರು ಅನ್ನುವುದನ್ನು ಅಲ್ಲ. 1981ರ ಡಿಸೆಂಬರ್‌ನಲ್ಲಿ ಗ್ಯಾಲಪ್ ಸಮೀಕ್ಷೆ ಲಿಬರಲ್–ಎಸ್‌ಡಿಪಿ ಕೂಟಕ್ಕೆ ಶೇ 50 ಕೊಟ್ಟಿತ್ತು. ಮೊದಲೇ ಹೇಳಿದೆನಲ್ಲ, ಒಂದೂವರೆ ವರ್ಷದ ನಂತರ ಅದಕ್ಕೆ ಸಿಕ್ಕದ್ದು 23 ಸೀಟು. ನಡುವೆ ಫಾಕ್‌ಲೆಂಡ್ಸ್ ಯುದ್ಧ ನಡೆದಿತ್ತು, ಆರ್ಥಿಕತೆ ಚೇತರಿಸಿಕೊಂಡಿತ್ತು. ಈ ಸಲ ಮತದಾರರ ಪಟ್ಟಿಯೇ ಬದಲಾಗಬಹುದು: 16 ವರ್ಷಕ್ಕೇ ಓಟು ಕೊಡುವುದಾಗಿ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿದೆ. ಹಾಗಂತ ರಿಫಾರ್ಮ್‌ನ ಮುನ್ನಡೆಯನ್ನು ಗುಳ್ಳೆ ಅಂತ ತಳ್ಳಿಹಾಕುವುದೂ ತಪ್ಪು. 2025ರ ಮೇ ಸ್ಥಳೀಯ ಚುನಾವಣೆಯಲ್ಲಿ ಅದು 677 ಸ್ಥಾನ ಗೆದ್ದು ಹತ್ತು ಕೌನ್ಸಿಲ್‌ಗಳನ್ನು ಹಿಡಿಯಿತು. ಅದು ಸಮೀಕ್ಷೆಯ ಸಂಖ್ಯೆ ಅಲ್ಲ, ನಿಜವಾದ ಓಟು.

ಕಾಯಂ ವಾಸದ ಅನುಮತಿಯನ್ನು ತೆಗೆದುಹಾಕುತ್ತೇವೆ ಅಂತ ಫರಾಜ್ 2025ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದು ನಿಜ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಅದು ಸುಮ್ನೆ ಹುಟ್ಟಿದ್ದಲ್ಲ. ಆದರೆ ಲೇಬರ್ ಸರ್ಕಾರವೇ ಆ ಅನುಮತಿಗೆ ಕಾಯಬೇಕಾದ ಅವಧಿಯನ್ನು ಐದು ವರ್ಷದಿಂದ ಸಾಮಾನ್ಯವಾಗಿ ಹತ್ತಕ್ಕೆ ಏರಿಸುವ ಪ್ರಸ್ತಾಪವನ್ನು 2025ರಲ್ಲಿ ಇಟ್ಟಿತು. ನಿಮ್ಮ ಅರ್ಜಿಯ ಲೆಕ್ಕಾಚಾರವನ್ನು ಸಮೀಕ್ಷೆಯ ಮೇಲೆ ಕಟ್ಟಬೇಡಿ. ಇವತ್ತಿನ ನಿಯಮ ಏನು, ಯಾವ ದಿನಾಂಕದಿಂದ ಏನು ಬದಲಾಗುತ್ತದೆ ಅಂತ ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಿ ಕಟ್ಟಿ.

ಒಂದು ಸಂಖ್ಯೆಯನ್ನು ಮಾತ್ರ ನೀವು ಧೈರ್ಯವಾಗಿ ನಂಬಬಹುದು. ಅದು ಮತದಾನದ ರಾತ್ರಿ ಹತ್ತು ಗಂಟೆಗೆ ಬಿಬಿಸಿ, ಐಟಿವಿ, ಸ್ಕೈ ಸೇರಿ ಕೊಡುವ ಮತಗಟ್ಟೆ ಸಮೀಕ್ಷೆ. ಓಟು ಹಾಕಿ ಹೊರಬಂದವರನ್ನೇ ಕೇಳುತ್ತಾರೆ. ಸಾಧ್ಯವಾದಷ್ಟೂ ಹಿಂದಿನ ಸಲದ ಮತಗಟ್ಟೆಗಳಲ್ಲೇ ಕೇಳಿ, ಬದಲಾವಣೆ ಎಷ್ಟು ಅಂತ ಅಳೆಯುತ್ತಾರೆ. 2019ರಲ್ಲಿ ಕನ್ಸರ್ವೇಟಿವ್‌ಗೆ 368 ಅಂದರು, ಬಂದದ್ದು 365. 2024ರಲ್ಲಿ ಲೇಬರ್‌ಗೆ 410 ಅಂದರು, ಬಂದದ್ದು 411. ಅಲ್ಲೂ ರಿಫಾರ್ಮ್‌ಗೆ 13 ಅಂದು ಐದು ಬಂತು, ಸಮನಾಗಿ ಹರಡಿದ ಓಟಿನ ಲೆಕ್ಕ ಅವರಿಗೂ ಕಷ್ಟವೇ.

ಇನ್ನು ನಿಮ್ಮ ಓಟು. ಭಾರತ ಕಾಮನ್‌ವೆಲ್ತ್ ದೇಶ. ಬ್ರಿಟನ್ನಿನಲ್ಲಿ ವಾಸದ ಅನುಮತಿ ಇದ್ದು, 18 ವರ್ಷ ತುಂಬಿದ ಭಾರತೀಯ ನಾಗರಿಕರು ಅಲ್ಲಿನ ಸಂಸತ್ ಚುನಾವಣೆಯಲ್ಲೂ ಸ್ಥಳೀಯ ಚುನಾವಣೆಯಲ್ಲೂ ಓಟು ಹಾಕಬಹುದು. ಕೆಲಸದ ವೀಸಾ ಸಾಕು, ಬ್ರಿಟಿಷ್ ಪಾಸ್‌ಪೋರ್ಟ್ ಬೇಕಿಲ್ಲ. ಲಂಡನ್, ರೆಡಿಂಗ್, ಸ್ಲೌ ಕಡೆಯ ನಮ್ಮ ಎಷ್ಟೋ ಕನ್ನಡಿಗರಿಗೆ ಇದು ಗೊತ್ತೇ ಇಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ. ಆದರೆ ಹೆಸರು ತಾನಾಗಿ ಪಟ್ಟಿಗೆ ಸೇರುವುದಿಲ್ಲ. ಸರ್ಕಾರದ ವೆಬ್‌ಸೈಟಿನಲ್ಲಿ ನೋಂದಾಯಿಸಬೇಕು, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿರಲಿ. ಮತದಾನಕ್ಕೆ 12 ಕೆಲಸದ ದಿನ ಮೊದಲು ಗಡುವು ಮುಗಿಯುತ್ತದೆ, ಹಾಗಾಗಿ ಚುನಾವಣೆ ಘೋಷಣೆಯಾಗಲಿ ಅಂತ ಕಾಯಬೇಡಿ, ಈ ವಾರವೇ ಮಾಡಿ. ಮನೆ ಬದಲಿಸಿದರೆ ಮತ್ತೆ ಮಾಡಬೇಕು. ಮತಗಟ್ಟೆ ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ನಿಮಗೆ ಅವತ್ತು ಪಾಳಿ ಇದ್ದರೆ ಮುಂಚೆಯೇ ಅಂಚೆ ಮತಕ್ಕೆ ಅರ್ಜಿ ಹಾಕಿ. ಮತಗಟ್ಟೆಗೇ ಹೋಗುವುದಾದರೆ ಫೋಟೊ ಇರುವ ಗುರುತಿನ ಚೀಟಿ ಕಡ್ಡಾಯ. ನಿಮ್ಮ ಭಾರತೀಯ ಪಾಸ್‌ಪೋರ್ಟೇ ಅದಕ್ಕೆ ನಡೆಯುತ್ತದೆ.